ನಿದ್ದೆಗೆಟ್ಟು ಸುದ್ದಿ ನೋಡಬೇಡ

ಪ್ರೀತಿಯ ಪುಟ್ಟೀ,

ಆಶೀರ್ವಾದಗಳು. ನಿನ್ನ ಮೆಸೇಜು ಓದಿದೆ. "ದೇಶ ಎಲ್ಲಿಗೆ ಹೋಗ್ತಿದೆ ಮಾಮ, ನಿದ್ದೆನೇ ಬರ್ತಿಲ್ಲ" ಅಂತ ರಾತ್ರಿ ಎರಡು ಗಂಟೆಗೆ ಬರೆದಿದ್ದೀಯ. ದೇಶದ ಮಾತು ಆಮೇಲೆ. ಅಷ್ಟು ಹೊತ್ತಿನಲ್ಲಿ ಫೋನ್ ಯಾಕೆ ಕೈಯಲ್ಲಿತ್ತು, ಅದನ್ನು ಮೊದಲು ಹೇಳು.

ಬೈಯುತ್ತಿಲ್ಲ ಕಣೇ. 2013ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್ ಓಟದ ಹೊತ್ತಿಗೆ ಬಾಂಬ್ ಸಿಡಿಯಿತು. ಆಮೇಲೆ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದರು. ಮುಂದಿನ ವಾರವಿಡೀ ದಿನಕ್ಕೆ ಆರು ಗಂಟೆ ಅಥವಾ ಇನ್ನೂ ಜಾಸ್ತಿ ಅದೇ ಸುದ್ದಿ ನೋಡಿದವರಿದ್ದರು. ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಇವರಲ್ಲಿ ಮಾನಸಿಕ ಒತ್ತಡ ಹೆಚ್ಚು ಕಂಡಿತು! ಸುದ್ದಿ ನೋಡಿಯೇ ಮೈಮನಸ್ಸು ಕೆಡಿಸಿಕೊಳ್ಳಬಹುದು ಅಂತಾಯ್ತಲ್ಲ. ಅದಕ್ಕೇ ಹೇಳುತ್ತೇನೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡು. ನೋಟಿಫಿಕೇಶನ್ ಬಂದ್ ಮಾಡು. ಮಲಗುವ ಮೊದಲಂತೂ ಬೇಡವೇ ಬೇಡ.

ಇನ್ನು ನೀನು ಕಳಿಸಿದ ಲಿಂಕು. "ಹೊಸ ಕಾನೂನು ಬಂತು, ಎಲ್ಲ ಮುಗೀತು" ಅಂತ ಅದರ ತಲೆಬರಹ. ಒಳಗೆ ಓದಿದರೆ ಇನ್ನೂ ಕರಡು! ರಾಜಕೀಯದ ಸುದ್ದಿ ಕಂಡಾಗ ನಾನು ಮೊದಲು ಕೇಳುವುದು, ಇದು ಯಾವ ಹಂತದಲ್ಲಿದೆ ಅಂತ. ಮಂತ್ರಿಗಳು ಮೈಕ್ ಮುಂದೆ ಹೇಳಿದ್ದು ಬರೀ ಹೇಳಿಕೆ. ಕರಡು ಅಂದರೆ ಜನರ ಅಭಿಪ್ರಾಯ ಕೇಳುವ ಕಾಲ ಇನ್ನೂ ಮುಗಿದಿಲ್ಲದಿರಬಹುದು. ಮಸೂದೆ ಮಂಡನೆ ಆದರೂ ಅದು ಕಾಯ್ದೆಯಲ್ಲ. ಸಮಿತಿಗೆ ಹೋಗಬಹುದು, ತಿದ್ದುಪಡಿ ಆಗಬಹುದು, ಮತಕ್ಕೆ ಹಾಕಿದಾಗ ಬಿದ್ದೂ ಹೋಗಬಹುದು. ಎರಡು ಸದನ ಇರುವ ಕಡೆ ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಕೊಳೆಯುತ್ತಾ ಬಿದ್ದಿರುವುದೂ ಉಂಟು. ಅಂಕಿತ ಬಿದ್ದ ಮೇಲೂ ಜಾರಿಯಾಗುವ ದಿನ ಬೇರೆ ಇರಬಹುದು. ಆಮೇಲೆ ಕೋರ್ಟು ತಡೆಯಾಜ್ಞೆ ಕೊಡಬಹುದು. ಟೀವಿಯವರಿಗೆ ಮಾತ್ರ ಇದೆಲ್ಲ ಒಂದೇ ಬ್ರೇಕಿಂಗ್ ನ್ಯೂಸು.

ಹಾಗಂತ ಕಾಯ್ದೆ ಆಗುವವರೆಗೆ ಸುಮ್ನಿರು ಅಂತಲ್ಲ. ಕರಡಿನ ಹೊತ್ತಿನಲ್ಲಿ ಬರೆದ ಒಂದು ಆಕ್ಷೇಪಣೆಗೆ ಇರುವ ಬೆಲೆ, ಜಾರಿಯಾದ ಮೇಲೆ ಹಾಕುವ ನೂರು ಪೋಸ್ಟಿಗಿಲ್ಲ. ಕರಡಿನ ಮೂಲ ಪ್ರತಿಯನ್ನೇ ಹುಡುಕಿ ಓದು. ಭಾಷೆ ಒಣಕಲಾಗಿರುತ್ತದೆ, ಗೊತ್ತು. ನಿನಗೆ ತಟ್ಟುವ ಕಲಮುಗಳನ್ನಾದರೂ ಓದು.

ಅವಸರ ದೊಡ್ಡ ಪತ್ರಿಕೆಗಳನ್ನೂ ಬಿಟ್ಟಿಲ್ಲ. 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಎಣಿಕೆ ಮುಗಿಯುವ ಮೊದಲೇ ಷಿಕಾಗೋದ ಟ್ರಿಬ್ಯೂನ್ ಪತ್ರಿಕೆ "ಟ್ರೂಮನ್ ಸೋತರು, ಡ್ಯೂಯಿ ಗೆದ್ದರು" ಎಂಬರ್ಥದ ತಲೆಬರಹ ಅಚ್ಚು ಹಾಕಿತು. ಗೆದ್ದದ್ದು ಟ್ರೂಮನ್. ಅದೇ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಅವರ ಫೋಟೊ ಇವತ್ತಿಗೂ ಓಡಾಡುತ್ತಿದೆ. ಚುನಾವಣೆಯ ರಾತ್ರಿಯ ಸುದ್ದಿಯನ್ನು ಮರುದಿನ ಮಧ್ಯಾಹ್ನ ನೋಡಿದರೆ ನಷ್ಟವೇನೂ ಇಲ್ಲ.

ಫೋನಿಗೆ ಬರುವ ಫಾರ್ವರ್ಡುಗಳ ಕಥೆ ಇನ್ನೂ ಕಷ್ಟ. 2018ರಲ್ಲಿ 'ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಅಧ್ಯಯನವೊಂದು ಬಂತು. ಟ್ವಿಟರ್‌ನಲ್ಲಿ ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದೆ ಕಳಿಸುವ ಸಾಧ್ಯತೆ ಶೇ 70ರಷ್ಟು ಜಾಸ್ತಿ, ರಾಜಕೀಯದ ಸುಳ್ಳು ಎಲ್ಲಕ್ಕಿಂತ ವೇಗ. ಸುಳ್ಳು ಹೊಸತಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ, ಅಸಹ್ಯವನ್ನೂ. ಕೈ ತಾನಾಗೇ ಶೇರ್ ಒತ್ತುತ್ತದೆ, ಅಲ್ವಾ?

"ಇವತ್ತಿನ ಪ್ರತಿಭಟನೆ" ಅಂತ ಜನಸಾಗರದ ಫೋಟೊ ಬಂತು ಅಂದುಕೋ. ಅಂಗಡಿಗಳ ಬೋರ್ಡು ಯಾವ ಭಾಷೆಯಲ್ಲಿದೆ ನೋಡು. ಮಳೆಗಾಲದಲ್ಲಿ ಎಲ್ಲರೂ ಸ್ವೆಟರ್ ಹಾಕಿದ್ದಾರಾ? ಗಾಡಿಗಳ ನಂಬರ್ ಪ್ಲೇಟ್ ಎಲ್ಲಿಯದು? ಆಮೇಲೆ ಅದೇ ಫೋಟೊವನ್ನು ಗೂಗಲ್‌ಗೆ ಹಾಕಿ ಹುಡುಕು. ಐದಾರು ವರ್ಷದ ಹಿಂದಿನ ಯಾವುದೋ ದೇಶದ ಮೆರವಣಿಗೆ ಎದ್ದು ಬರುವುದು ಅಪರೂಪವೇನಲ್ಲ. ನಮಗೆ ಹಿತವಾಗುವ ಫೋಟೊವನ್ನೂ ಹೀಗೇ ನೋಡಬೇಕು. ಅದು ಕಷ್ಟ, ನನಗೂ ಕಷ್ಟ.

ನಿಮ್ಮ ದೊಡ್ಡಪ್ಪನ ಜೊತೆ ಫ್ಯಾಮಿಲಿ ಗ್ರೂಪಿನಲ್ಲಿ ಜಗಳ ಬೇಡ. ಹೇಳುವುದಿದ್ದರೆ ಫೋನ್ ಮಾಡಿ ಹೇಳು. ಹತ್ತು ಜನರ ಮುಂದೆ ಸೋಲೊಪ್ಪುವ ಸ್ವಭಾವ ಅವರದ್ದಲ್ಲ. ನಿನ್ನದೂ ಅಲ್ಲ ಬಿಡು.

ಇನ್ನೊಂದು ಕೆಲಸ. ಮನೆ ಬದಲಾಯಿಸಿದ್ದೀಯಲ್ಲ, ಮತದಾರರ ಪಟ್ಟಿಯಲ್ಲಿ ಹೊಸ ವಿಳಾಸ ಬಂದಿದೆಯಾ ಅಂತ ಈ ವಾರವೇ ನೋಡು. ಇಲ್ಲದಿದ್ದರೆ ಅರ್ಜಿ ಹಾಕು. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡ, ಆಮೇಲೆ ಓಡಾಡಿದರೆ ಸಮಯ ಸಾಲದೇ ಹೋಗಬಹುದು.

ಇತಿ ನಿನ್ನ,
ಮಾಮ