ಬಿಸಿಯೂಟ ಬಿಡಿಸುವವರು ಯಾರು?

ಮಾನ್ಯರೇ,

ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಅಂತ ಮಕ್ಕಳಿಗೆ ಶಾಲೆಯ ಬಿಸಿಯೂಟ ಬಿಡಿಸುವ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತಲೇ ಇದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು. ಅದಕ್ಕೂ ಮೊದಲಿನಿಂದ ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಇದೆ.

ಒಂದನೇ ಕ್ಲಾಸಿನ ಮಗುವಿಗೆ ಜಾತಿ ಏನು ಗೊತ್ತು? ಅನ್ನ, ಸಾಂಬಾರ್ ಬಿಸಿ ಇದ್ದರೆ ಸಾಕು. 'ಅಲ್ಲಿ ಉಣ್ಣಬೇಡ, ಮನೆಗೆ ಬಾ' ಅಂತ ಹೇಳಿ ಕಳಿಸುವವರು ದೊಡ್ಡವರು. ಇದು ಓದಿಲ್ಲದ ಹಳ್ಳಿಯವರ ಬುದ್ಧಿ ಅಂತ ಸುಮ್ನೆ ನಗುವುದೂ ಬೇಡ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ಡಿಗ್ರಿ ಓದಿದ ಓನರ್ ಕೂಡ ಅಡ್ವಾನ್ಸ್ ಮಾತಿಗೆ ಮೊದಲೇ 'ನೀವು ಯಾವ ಜನ?' ಅಂತಾರೆ. 'ವೆಜ್ಜಾ, ನಾನ್‌ವೆಜ್ಜಾ?' ಅಂದರೂ ಎಷ್ಟೋ ಸಲ ಕೇಳುತ್ತಿರುವುದು ಅದನ್ನೇ, ಸ್ವಲ್ಪ ನಯವಾಗಿ ಅಷ್ಟೆ.

ಶಾಲೆಯಲ್ಲಿ ಅಸ್ಪೃಶ್ಯತೆ ಅಂದರೆ ಪರೀಕ್ಷೆಗೆ ಬರುವ ಪ್ರಶ್ನೆ. ಬಾಯಿಪಾಠ ಮಾಡಿದರೆ ಮುಗಿಯಿತು. ಅದರ ಬದಲು ಮೇಷ್ಟ್ರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಮಕ್ಕಳ ಜೊತೆ ಅದೇ ಸಾಲಿನಲ್ಲಿ ಕೂತು ಉಣ್ಣಲಿ. ಊಟ ಬಿಡಿಸುವ ಪೋಷಕರ ಮನೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಖುದ್ದಾಗಿ ಹೋಗಲಿ. ಅಡುಗೆಯವರನ್ನೇ ಬದಲಿಸಿ 'ಸಮಸ್ಯೆ ಬಗೆಹರಿಯಿತು' ಎಂದು ಮಾತ್ರ ಯಾರೂ ವರದಿ ಬರೆಯಬಾರದು.

– ನಿವೃತ್ತ ಶಿಕ್ಷಕಿ, ತುಮಕೂರು