ಟಿಬಿಯಿಂದ ಎದ್ದು ಬಂದ ಕಬಡ್ಡಿ ಆಟಗಾರ್ತಿಗೆ ಒಂದು ಪತ್ರ

ಕಲಬುರಗಿ

ಪ್ರೀತಿಯ ತಂಗಿಗೆ, ಶರಣು.

ನಿನ್ನ ಹಸ್ತಪ್ರತಿ ಪೂರ್ತಿ ಓದಿದೆ. ಯಾದಗಿರಿ ಕಡೆಯ ಹಳ್ಳಿಯ ಕಬಡ್ಡಿ ಹುಡುಗಿಯೊಬ್ಬಳು ತನಗೆ ಟಿಬಿ ಬಂದಿತ್ತು ಅಂತ ಹೆಸರು ಹಾಕಿ ಬರೆಯುವುದು ಸಣ್ಣ ಮಾತಲ್ಲ. ನಮ್ಮ ಕಡೆ ಈ ಸುದ್ದಿ ಹೊಸ್ತಿಲು ದಾಟಿದರೆ ಹೆಣ್ಣುಮಗಳ ಲಗ್ನದ ಮಾತೇ ನಿಂತುಹೋಗುತ್ತದೆ. ಅದಕ್ಕೇ ಈ ಪುಸ್ತಕ ಬರಲೇಬೇಕು. ಬರಬೇಕು ಅನ್ನುವ ಆಸೆಯಿಂದಲೇ ಸ್ವಲ್ಪ ಬಿರುಸಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ನನಗೆ ಬಹಳ ಹಿಡಿಸಿದ್ದು ಮಾಳಿಗೆಯ ಪುಟ. ದವಾಖಾನೆಯಿಂದ ಬಂದ ಮೇಲೆ ಸಂಜೆ ಮಾಳಿಗೆ ಹತ್ತಿ, ಗೋಡೆಗೆ ಒರಗಿ ‘ಕಬಡ್ಡಿ ಕಬಡ್ಡಿ’ ಅಂತ ಶುರು ಮಾಡುತ್ತೀಯ. 30 ಸೆಕೆಂಡಿನ ರೈಡ್ ಒಂದೇ ಉಸಿರಲ್ಲಿ ಮುಗಿಸುತ್ತಿದ್ದವಳಿಗೆ ಏಳನೇ ಕಬಡ್ಡಿಗೇ ಕೆಮ್ಮು. ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ನೀನು ಮತ್ತೆ ಶುರು ಮಾಡಿದ ಮೇಲೆ ಅವ್ವನ ಕೈಯೂ ಮತ್ತೆ ಆಡುತ್ತದೆ. ಓದುತ್ತಾ ನನ್ನ ಉಸಿರೂ ನಿಂತಿತ್ತು ನೋಡು. ಶ್ವಾಸಕೋಶದ ಎಕ್ಸ್‌ರೇ ನೋಡಿ ಡಾಕ್ಟರ್ ಏನೋ ಹೇಳಬಹುದು. ಎದೆಯಲ್ಲಿ ಎಷ್ಟು ಕಬಡ್ಡಿ ಉಳಿದಿದೆ ಅಂತ ಹೇಳುವುದು ನಿನ್ನಂಥ ರೈಡರ್‌ಗೇ ಸಾಧ್ಯ. ಇಂಥವು ಇನ್ನೂ ಬೇಕು.

ಆದರೆ ಒಂದೊಂದು ಅಧ್ಯಾಯದ ಕೊನೆಗೂ ‘ಛಲ ಇದ್ದರೆ ರೋಗವೂ ಸೋಲುತ್ತದೆ’ ಅನ್ನುವ ಮಾತು ಬರುತ್ತದೆ. ಅದನ್ನು ತೆಗಿ. ನಿನ್ನ ಛಲದ ಬಗ್ಗೆ ನನಗೆ ಅನುಮಾನ ಇಲ್ಲ. ಛಲ ಇದ್ದೂ ಸತ್ತವರಿಗೆ ಆ ಮಾತಿನಿಂದ ಅನ್ಯಾಯವಾಗುತ್ತದೆ.

ಯುವರಾಜ್ ಸಿಂಗ್ ಕಥೆಯನ್ನೇ ತಗೋ. 2011ರ ವಿಶ್ವಕಪ್‌ನಲ್ಲಿ 362 ರನ್, 15 ವಿಕೆಟ್, ಸರಣಿಯ ಶ್ರೇಷ್ಠ ಆಟಗಾರ. ಆಗಲೇ ಕೆಮ್ಮು, ವಾಂತಿ ಕಾಡುತ್ತಿತ್ತು. ಎರಡು ಶ್ವಾಸಕೋಶಗಳ ನಡುವೆ ಕ್ಯಾನ್ಸರ್ ಗಡ್ಡೆ ಇದೆ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್ ಹತ್ತಿರ ಕೀಮೋ ತಗೊಂಡು, 2012ರ ಸೆಪ್ಟೆಂಬರ್‌ನಲ್ಲಿ ಮತ್ತೆ ಭಾರತದ ಪರ ಆಡಿದ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ವೃಷಣದ ಕ್ಯಾನ್ಸರ್ ಬಂದಾಗ ಚಿಕಿತ್ಸೆ ಸಿಕ್ಕಿದ್ದೂ ಅದೇ ಊರಲ್ಲಿ. ಗಡ್ಡೆಯ ಜಾಗ ಬೇರೆಯಾದರೂ ಇಬ್ಬರದೂ ಒಂದೇ ಜಾತಿಯ ಕ್ಯಾನ್ಸರ್. ಇದಕ್ಕೆ ಸಿಸ್‌ಪ್ಲಾಟಿನ್ ಸೇರಿದ ಔಷಧಿಗಳನ್ನು ಐನ್‌ಹಾರ್ನ್ 1974ರಲ್ಲಿ ಕೊಡಲು ಶುರು ಮಾಡಿದ್ದರು. ಅದಕ್ಕೂ ಮೊದಲು, ರೋಗ ಮೈಯೆಲ್ಲ ಹರಡಿದವರಲ್ಲಿ ಬಹುಪಾಲು ಮಂದಿ ಬದುಕುತ್ತಿರಲಿಲ್ಲ. ಇಬ್ಬರೂ ಗಟ್ಟಿ ಮನುಷ್ಯರೇ. ಅಷ್ಟೇ ಛಲದ ಆಟಗಾರನಿಗೆ 1965ರಲ್ಲಿ ಈ ಕಾಯಿಲೆ ಬಂದಿದ್ದರೆ ಏನಾಗುತ್ತಿತ್ತು, ಹೇಳು.

ಆರ್ಮ್‌ಸ್ಟ್ರಾಂಗ್ ಮಾತು ಬಂತು, ಇನ್ನೊಂದು ಹೇಳುತ್ತೇನೆ. ಕ್ಯಾನ್ಸರ್ ಗೆದ್ದ ಕಥೆಯನ್ನು ಅವನು ಪುಸ್ತಕ ಮಾಡಿದ. ಉದ್ದೀಪನ ಮದ್ದು ತಗೊಂಡಿದ್ದನ್ನು ಮುಚ್ಚಿಟ್ಟ. 2012ರಲ್ಲಿ ಏಳು ಟೂರ್ ಡಿ ಫ್ರಾನ್ಸ್ ಪಟ್ಟಗಳೂ ಹೋದವು, 2013ರಲ್ಲಿ ಒಪ್ಪಿಕೊಂಡ. ಅವನ ಕಾಯಿಲೆ ಸುಳ್ಳಾಗಿರಲಿಲ್ಲ. ಆದರೂ ಆ ದವಾಖಾನೆಯ ಪುಟಗಳನ್ನು ಮೊದಲಿನ ನಂಬಿಕೆಯಿಂದ ಓದಲು ನನಗೆ ಆಗುತ್ತಿಲ್ಲ.

ನೀನು ‘ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ’ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದ್ದು ಬೇರೆ. ಮೂರನೇ ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು, ಜಾತ್ರೆ ಗದ್ದಲದಲ್ಲಿ ಒಂದು ವಾರ ಗುಳಿಗೆ ಮುಟ್ಟಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು, ಓಣಿಗೆಲ್ಲ ಕೇಳುವ ಹಾಗೆ ಬೈದು, ಎದುರಿಗೇ ನುಂಗಿಸಿ ಹೋದಳು. ಅದನ್ನೇ ಬರೆ. ಸಾಮಾನ್ಯ ಟಿಬಿಗೆ ಆರು ತಿಂಗಳು ಗುಳಿಗೆ ಬೇಕು, ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಟಿಬಿ ಆಗಬಹುದು. ಇದನ್ನು ನೀನು ಬೇರೆ ಪುಟದಲ್ಲಿ ಉಪದೇಶ ಮಾಡುವುದು ಬೇಡ. ಆ ಬೈಗುಳದಲ್ಲೇ ಓದುಗರಿಗೆ ಮುಟ್ಟುತ್ತದೆ.

ಇನ್ನು ನಿಮ್ಮ ಓಣಿಯ ಆ ಹುಡುಗ. ನೀನು ಶುರು ಮಾಡಿದ ತಿಂಗಳೇ ಅವನೂ ಗುಳಿಗೆ ಶುರು ಮಾಡಿದ್ದ. ಅವನಿಗೆ ನೀನು ಕೊಟ್ಟಿದ್ದು ಒಂದೇ ಸಾಲು: ‘ಅವನು ಧೈರ್ಯ ಕಳೆದುಕೊಂಡ.’ ನಿಜವಾಗ್ಲೂ ಹಾಗಾ? ತೊಗರಿ ರಾಶಿ ಮುಗಿದ ಮೇಲೆ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋದರು ಅಂತ ನೀನೇ ಹೇಳಿದ್ದೆ. ಕಟ್ಟಡದ ಕೆಲಸ, ತಗಡಿನ ಶೆಡ್ಡು. ಒಂದು ದಿನದ ಕೂಲಿ ಬಿಟ್ಟು, ಗೊತ್ತಿಲ್ಲದ ಊರಲ್ಲಿ ಸರ್ಕಾರಿ ದವಾಖಾನೆ ಹುಡುಕಬೇಕು. ಟಿಬಿ ಗುಳಿಗೆ ಅಲ್ಲೂ ಪುಕ್ಕಟೆ ಸಿಗುತ್ತದೆ. ಆದರೆ ಎಲ್ಲಿ ಹೋಗಿ ಕೇಳಬೇಕು ಅಂತ ಹೇಳುವವರು ಬೇಕಲ್ವಾ? ನೀನೂ ಗುಳಿಗೆ ಬಿಟ್ಟೆ, ಅವನೂ ಬಿಟ್ಟ. ಆಶಾ ಬಂದಾಗ ನೀನು ಮನೆಯಲ್ಲಿದ್ದೆ. ಅವನ ಮನೆಗೆ ಬೀಗ ಹಾಕಿತ್ತು. ಮುಂದಿನ ಯುಗಾದಿಗೆ ಅವನಿರಲಿಲ್ಲ.

ತಂಗಿ, ನನ್ನ ಪ್ರಕಾರ ನಿನ್ನ ಪುಸ್ತಕದ ನಡುಗಂಬ ಇದು. ಇದಕ್ಕೆ ಹತ್ತು ಪುಟ ಕೊಡು. ಅವನ ಅಪ್ಪ ಅವ್ವನನ್ನು ಕೇಳದೆ ಮಾತ್ರ ಬರೆಯಬೇಡ. ಹೆಸರು ಬೇಡ ಅಂದರೆ ಹೆಸರು, ಓಣಿ, ಕೆಲಸ ಎಲ್ಲ ಬದಲಿಸು.

ನಾಚಿಕೆಯಾಗಿ ಒಂದು ಸಾಲು ಹೊಡೆದು ಹಾಕಿದ್ದೀಯ, ಕಾಣಿಸುತ್ತಿದೆ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ರಕ್ತ ಅಂದುಕೊಂಡು ಬಚ್ಚಲಲ್ಲೇ ಕುಸಿದು ಕೂತದ್ದು. ಅದನ್ನು ವಾಪಸ್ ಹಾಕು. ರಿಫಾಂಪಿಸಿನ್ ಗುಳಿಗೆಯಿಂದ ಹಾಗಾಗುತ್ತದೆ, ಅದರಿಂದ ಅಪಾಯ ಇಲ್ಲ. ನಾಳೆ ಇನ್ನೊಬ್ಬಳು ಅದನ್ನೇ ನೋಡಿ ಹೆದರಿ ಗುಳಿಗೆ ಎಸೆಯದಿದ್ದರೆ ಸಾಕು.

ಅತ್ತಿಗೆ ನಿನಗೆ ಬೇರೆ ತಾಟು ಇಟ್ಟದ್ದನ್ನು ಸಿಟ್ಟಿನಿಂದ ಬರೆದಿದ್ದೀಯ. ಸಿಟ್ಟು ಇರಲಿ. ಟಿಬಿ ಗಾಳಿಯಲ್ಲಿ ಹರಡುತ್ತದೆ, ತಾಟಿನಿಂದ ಬರುವುದಿಲ್ಲ ಅಂತ ಅವಳಿಗೆ ಯಾರೂ ತಿಳಿಸಿ ಹೇಳಿರಲಿಲ್ಲ, ಅದೂ ಇರಲಿ. ಅವಳ ತೊಡೆಯ ಮೇಲೆ ಹಸಿ ಕೂಸಿತ್ತಲ್ವಾ?

ಚಿಕಿತ್ಸೆಯ ಕಾರ್ಡ್ ಹುಡುಕಿ ತೆಗೆ. ತಾರೀಖು, ತೂಕ ಎಲ್ಲ ತಾಳೆ ನೋಡು. ಮ್ಯಾಟ್ ಮೇಲೆ ವಾಪಸ್ ಇಳಿದ ದಿನ ನೀನು ಬರೆದಷ್ಟು ಬೇಗ ಬಂದಿರಲಾರದು ಅಂತ ನನಗನ್ನಿಸುತ್ತದೆ. ಕಪ್ ಹಿಡಿದ ಫೋಟೋದ ಅಧ್ಯಾಯ ಎರಡು ಪುಟಕ್ಕೆ ಇಳಿಸು.

ಬಿಸಿಲು ಇಳಿದ ಮೇಲೆ ಒಂದು ದಿನ ಕಲಬುರಗಿಗೆ ಬಾ. ಅವ್ವನನ್ನೂ ಕರಕೊಂಡು ಬಾ. ಪುಸ್ತಕಕ್ಕೆ ನಿನ್ನ ನಿಜವಾದ ಹೆಸರು ಹಾಕುವ ವಿಷಯ ಅವಳ ಎದುರಿಗೇ ಮಾತಾಡೋಣ.

ಇಂತಿ,
ನಿನ್ನ ಅಕ್ಕ