ಲೈಟ್ ಹಿಡಿದಿದ್ದ ಆ ತಮ್ಮನಿಗೆ

ಕಳೆದ ವಾರ ಮೈಸೂರಿನಲ್ಲಿ ನನ್ನ ತಂಗಿಯ ಮದುವೆ. ಧಾರೆ ಮುಹೂರ್ತ 10.40ಕ್ಕೆ. 9 ಗಂಟೆಯಾದರೂ ಮನೆಯವರೆಲ್ಲ ಸೇರಿದ ಒಂದು ಫೋಟೋ ಆಗಿರಲಿಲ್ಲ. ಅಜ್ಜಿಗೆ ಸ್ಟೇಜ್ ಹತ್ತಲು ಆಗಲ್ಲ. ನನಗೆ ಅಳುವೇ ಬಂದಿತ್ತು.

ಫೋಟೋಗ್ರಾಫರ್ ಜೊತೆ ಲೈಟ್ ಹಿಡಿಯಲು ಬಂದಿದ್ದ ಹುಡುಗ ಹತ್ತಿರ ಬಂದು, "ಅಕ್ಕಾ, ಯಾರ್ಯಾರು ಬೇಕು ಹೇಳಿ, ಬರ್ಕೋತೀನಿ" ಅಂದ. ಲಗ್ನಪತ್ರಿಕೆಯ ಹಿಂದೆಯೇ ಬರೆದುಕೊಂಡ. ಊಟದ ಹಾಲ್ ಕಿಟಕಿ ಪಕ್ಕ ಬೆಳಗಿನ ಬೆಳಕು ಚೆನ್ನಾಗಿತ್ತು. ಅಜ್ಜಿಯ ಕುರ್ಚಿ ಅಲ್ಲಿಗೇ ತಂದು, ಎಲ್ಲರನ್ನೂ ಸುತ್ತ ನಿಲ್ಲಿಸಿದ. ಅಜ್ಜಿಯ ಕಣ್ಣಿಗೆ ಚುಚ್ಚದಂತೆ ಲೈಟನ್ನು ಗೋಡೆ ಕಡೆ ತಿರುಗಿಸಿದ. ತಂಗಿಯ ಬಾಸಿಂಗ ವಾಲಿದೆ ಅಂತ ನನಗೆ ಮೆಲ್ಲಗೆ ಸನ್ನೆ ಮಾಡಿದ. 20 ನಿಮಿಷದಲ್ಲಿ ಎಲ್ಲ ಮುಗಿಯಿತು.

ಅಂತರಪಟ ಸರಿದಾಗ ನಾನು ಯಾರನ್ನೂ ಹುಡುಕಿಕೊಂಡು ಓಡಬೇಕಿರಲಿಲ್ಲ. ಸುಮ್ನೆ ನಿಂತು, ವಧು-ವರರು ಜೀರಿಗೆ ಬೆಲ್ಲ ಹಾಕಿಕೊಳ್ಳುವುದನ್ನು ಕಣ್ತುಂಬ ನೋಡಿದೆ.

ಹೆಸರು ಕೇಳೋದೇ ಮರೆತೆ ತಮ್ಮಾ. ತುಂಬಾ ಥ್ಯಾಂಕ್ಸ್.